ನಳಿಗೆಯ ತುದಿಯ ಮೊಳೆ

“ಗುರುಗಳೇ, ಒಳಗಿನ ದೋಷವನ್ನು ಬೇರುಸಹಿತ ಕೀಳಲೇಬೇಕೇ? ಅದು ಯಾರಿಗೂ ತಾಗದಂತೆ ವ್ಯವಸ್ಥೆ ಮಾಡಿಕೊಂಡರೆ ಸಾಲದೇ?”

ಕೇಳಿದವನು ಮರುಳಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಒಳ್ಳೆಯ ಶಿಷ್ಯ, ಒಳ್ಳೆಯ ಅಡುಗೆಯವ; ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಉಣ್ಣಲು ಕುಳಿತವರಲ್ಲಿ ಯಾರಾದರೂ ‘ಸಾರಿಗೆ ಉಪ್ಪು ಕಡಿಮೆ’ ಎಂದರೆ ಸಾಕು, ಬಡಿಸುವ ಸೌಟು ಬಾರಿಸುವ ಸೌಟಾಗುತ್ತಿತ್ತು. ಅದಕ್ಕೆ ಅವನೇ ಒಂದು ಉಪಾಯ ಕಂಡುಕೊಂಡಿದ್ದ. ಪಂಕ್ತಿಯಲ್ಲಿ ಯಾರೂ ಮಾತನಾಡಕೂಡದು ಎಂದು ಕಟ್ಟಳೆ ಮಾಡಿದ. ಮಾತಿಲ್ಲವೆಂದ ಮೇಲೆ ದೂರಿಲ್ಲ, ದೂರಿಲ್ಲವೆಂದ ಮೇಲೆ ಸಿಟ್ಟಿಲ್ಲ. ಪರಸ್ಥಳದಿಂದ ಬಂದವರು ‘ಆಹಾ, ಊಟದಲ್ಲೂ ಎಂಥ ಮೌನ, ಎಂಥ ಶಿಸ್ತು!’ ಎಂದು ಕೈ ಮುಗಿದು ಹೋಗುತ್ತಿದ್ದರು.

“ಸಿಟ್ಟು ನನ್ನಲ್ಲಿ ಇದ್ದ ಹಾಗೇ ಇದೆ, ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಆದರೆ ಆರು ತಿಂಗಳಿಂದ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಇನ್ನು ಅದನ್ನು ಕೀಳುವ ಕಷ್ಟ ಯಾಕೆ?” ಎಂದ ಮರುಳಯ್ಯ.

ಗುರುಗಳು ನಕ್ಕರು. ಕತೆ ಹೇಳುವುದೆಂದರೆ ಅವರಿಗೆ ಹೋಳಿಗೆ ಉಂಡಷ್ಟು ಸಂತೋಷ. “ಕುಳಿತುಕೋ. ಮೊದಲು ಆ ಸೌಟು ಕೆಳಗಿಡು, ನನಗೂ ಜೀವದ ಮೇಲೆ ಆಸೆಯಿದೆ” ಎಂದು ಆರಂಭಿಸಿದರು.

ಒಂದು ಸಂಸ್ಥಾನ. ಸಂಸ್ಥಾನ ಎಂದರೆ ದೊಡ್ಡದೇನಲ್ಲ, ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗಡಿ ದಾಟಬಹುದು. ಆದರೂ ಅದಕ್ಕೊಂದು ಕೋಟೆ, ಕೋಟೆಯೊಳಗೊಂದು ಖಜಾನೆ, ಖಜಾನೆಗೆ ಎಂಟು ಜನ ಕಾವಲುಗಾರರು. ಅವರಲ್ಲಿ ಒಬ್ಬ ಭರಮಣ್ಣ. ಅವನ ಅಜ್ಜ ಈಟಿ ಹಿಡಿದು ಅದೇ ಬಾಗಿಲಲ್ಲಿ ನಿಂತಿದ್ದ. ಅಪ್ಪ ಕತ್ತಿ ಹಿಡಿದು ನಿಂತಿದ್ದ. ಭರಮಣ್ಣನೂ ಇಪ್ಪತ್ತು ವರ್ಷ ಕತ್ತಿಯಲ್ಲೇ ಕಳೆದ. ಆಮೇಲೆ ಕಾಲ ಬದಲಾಯಿತು. ಎಂಟು ರಿವಾಲ್ವರುಗಳು ಪೆಟ್ಟಿಗೆಯಲ್ಲಿ ಬಂದವು.

ದಿವಾನರು ಆಜ್ಞೆ ಹೊರಡಿಸಿದರು. ಪ್ರತಿವರ್ಷ ಆಯುಧಪೂಜೆಯ ಮರುದಿನ ಪರೀಕ್ಷೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಆರು ಮಣ್ಣಿನ ಕುಡಿಕೆಗಳು, ಒಬ್ಬೊಬ್ಬನಿಗೆ ಆರು ಗುಂಡು. ಐದಾದರೂ ಒಡೆಯಬೇಕು. ಒಡೆಯದವನು ಸೊಂಟದ ಪಟ್ಟಿ ಬಿಚ್ಚಿಟ್ಟು, ದೊಣ್ಣೆ ಹಿಡಿದು ಲಾಯದ ಹುಲ್ಲಿನ ಬಣವೆ ಕಾಯಬೇಕು. ಬಣವೆ ಕಾಯುವುದು ಕೀಳು ಕೆಲಸವಲ್ಲ. ಆದರೆ ಮೂರು ತಲೆಮಾರು ನಿಂತ ಬಾಗಿಲನ್ನು ಬಿಟ್ಟು ಅತ್ತ ನಡೆಯುವಾಗ ಊರೆಲ್ಲ ನೋಡುತ್ತದೆಯಲ್ಲ, ಅದು ಕಷ್ಟ.

ಕಲಿಸಲು ಬಂದವರು ಜಮಾದಾರ್ ಇಮಾಮ್ ಸಾಹೇಬರು. ದಂಡಿನಲ್ಲಿದ್ದು ನಿವೃತ್ತರಾದವರು. ಮೊದಲ ದಿನವೇ ಅವರು ರಿವಾಲ್ವರನ್ನು ಎತ್ತಿ ತೋರಿಸಿ ಹೇಳಿದರು: “ನೋಡ್ರಪ್ಪಾ, ಹಿಂದುಗಡೆ ಒಂದು ಕಚ್ಚು ಇದೆ. ಮುಂದೆ ನಳಿಗೆಯ ತುದಿಯಲ್ಲಿ ಒಂದು ಮೊಳೆ ಇದೆ. ಕಚ್ಚಿನ ನಡುವೆ ಮೊಳೆ ನಿಲ್ಲಬೇಕು, ಮೊಳೆಯ ನೆತ್ತಿಯ ಮೇಲೆ ಗುರಿ ಕೂರಬೇಕು. ಆಮೇಲೆ ಈ ಕುದುರೆಯನ್ನು ಬೆರಳಿನಿಂದ ಮೆತ್ತಗೆ ಎಳೀಬೇಕು, ಮಗುವಿನ ಕೆನ್ನೆ ಹಿಂಡಿದ ಹಾಗೆ. ಕಚ್ಚು, ಮೊಳೆ ಎರಡನ್ನೂ ಮಾಡಿದವನೇ ಭದ್ರವಾಗಿ ಕೂರಿಸಿಬಿಟ್ಟಿದ್ದಾನೆ. ತಿರುಗಿಸೋಕೆ ತಿರುಪಿಲ್ಲ, ಸರಿಸೋಕೆ ಜಾಗವಿಲ್ಲ. ಅದು ನಿಮಗೆ ಬಗ್ಗೋದಿಲ್ಲ. ನೀವು ಅದಕ್ಕೆ ಬಗ್ಗಬೇಕು.”

ಎಲ್ಲರೂ ಬಗ್ಗಿದರು. ಬೇಗ ಬಗ್ಗಿದವನು ಓಬಯ್ಯ, ಎಂಟು ಜನರಲ್ಲಿ ಕಿರಿಯ. ಅವನ ಕೈ ಹುಟ್ಟಾ ಶಾಂತ. ಎರಡೇ ವಾರದಲ್ಲಿ ಅವನ ಗುಂಡುಗಳು ಒಂದರ ಮೇಲೊಂದು ಬೀಳತೊಡಗಿದವು. ಭರಮಣ್ಣನ ಗುಂಡುಗಳೂ ಒಂದೇ ಕಡೆ ಬೀಳುತ್ತಿದ್ದವು. ಆದರೆ ಗುರಿಯಿಂದ ಒಂದು ಗೇಣು ಕೆಳಗೆ. ಎಷ್ಟು ಹೊಡೆದರೂ ಗೇಣು ಗೇಣೇ.

“ಸಾಹೇಬರೇ, ಈ ಮೊಳೆ ಸರಿಯಿಲ್ಲ” ಎಂದ ಭರಮಣ್ಣ.

ಜಮಾದಾರರು ಅದೇ ರಿವಾಲ್ವರನ್ನು ತೆಗೆದುಕೊಂಡು ಒಂದು ಗುಂಡು ಹಾರಿಸಿದರು. ಕುಡಿಕೆ ಚೂರಾಯಿತು. ಆಮೇಲೆ ಬೆನ್ನು ತಿರುಗಿಸಿ, ಗುಂಡು ಕೂರುವ ಆರು ಗೂಡುಗಳಲ್ಲಿ ಏನೋ ತುಂಬಿ, ಅವನ ಕೈಗೆ ಕೊಟ್ಟರು. ಭರಮಣ್ಣ ಹೊಡೆದ. ಢಂ ಎಂದಿತು, ಗೇಣು ಕೆಳಗೆ. ಮತ್ತೆ ಎಳೆದ. ಈ ಸಲ ಸದ್ದೇ ಬರಲಿಲ್ಲ. ಜಮಾದಾರರು ಆ ಗೂಡಿನಲ್ಲಿ ಖಾಲಿ ಚಿಪ್ಪು ಇಟ್ಟಿದ್ದರು. ಸದ್ದು ಬರಲಿಲ್ಲ, ಹೊಗೆ ಬರಲಿಲ್ಲ, ಆದರೆ ನಳಿಗೆ ಮಾತ್ರ ಕೋಳಿ ಕಾಳು ಕುಕ್ಕಿದ ಹಾಗೆ ಕೆಳಕ್ಕೆ ಕುಕ್ಕಿತು. ಎಲ್ಲರೂ ಕಂಡರು.

“ನೋಡಿದೆಯೇನಪ್ಪಾ? ಮೊಳೆ ಸರಿಯಾಗಿದೆ. ಸದ್ದು ಬರುವ ಮೊದಲೇ ನಿನ್ನ ಕೈ ಹೆದರಿ ನಳಿಗೆಯನ್ನು ಕೆಳಕ್ಕೆ ಒತ್ತುತ್ತದೆ” ಎಂದರು ಜಮಾದಾರರು.

ಸಾಲಿನಲ್ಲಿ ನಿಂತವನೊಬ್ಬ “ಕೊಕ್ಕೊಕ್ಕೋ” ಎಂದ. ಉಳಿದವರು ಹೊಟ್ಟೆ ಹಿಡಿದು ನಕ್ಕರು. “ಕೋಳಿ ಭರಮಣ್ಣ, ಮೊಟ್ಟೆ ಯಾವಾಗಲೋ?” ಎಂದರು. ಓಬಯ್ಯ ಒಬ್ಬ ನಗಲಿಲ್ಲ. “ಸುಮ್ಮನಿರ್ರೋ. ನಿಮ್ಮಪ್ಪಂದಿರು ಬಾಗಿಲು ನೋಡುವ ಮೊದಲೇ ಅವರಪ್ಪ ಬಾಗಿಲು ಕಾದವರು” ಎಂದ.

ಮದ್ದು ಸರಳವಾಗಿತ್ತು, ಸುಲಭವಾಗಿರಲಿಲ್ಲ. ಗುಂಡಿಲ್ಲದ ರಿವಾಲ್ವರಿನ ನಳಿಗೆಯ ಮೇಲೆ ಒಂದು ತಾಮ್ರದ ಕಾಸು ಇಡಬೇಕು. ಕುದುರೆ ಎಳೆಯಬೇಕು. ಕಾಸು ಬೀಳಕೂಡದು. ದಿನಕ್ಕೆ ಇನ್ನೂರು ಸಲ, ಒಂದೂವರೆ ತಿಂಗಳು. “ಕೈಯಿಂದ ಹೆದರಿಕೆ ತಾನಾಗಿ ಇಳಿದುಹೋಗುತ್ತೆ. ಅವಸರ ಮಾಡಬೇಡ” ಎಂದರು ಜಮಾದಾರರು.

ಭರಮಣ್ಣ ಒಂಬತ್ತು ದಿನ ಮಾಡಿದ. ಮೊದಮೊದಲು ಕಾಸು ಪ್ರತಿಸಲವೂ ಬಿತ್ತು. ಆಮೇಲೆ ಹತ್ತಕ್ಕೆ ಒಂದು ಸಲ ನಿಂತಿತು. ಆ ಒಂದು ಸಲವನ್ನು ನೋಡಿ ಸಂತೋಷಪಡಬೇಕಿತ್ತು. ಅವನು ಒಂಬತ್ತು ಸಲ ಬಿದ್ದ ಸದ್ದನ್ನೇ ಕೇಳುತ್ತಿದ್ದ. ‘ನಾನೂ ಜೊತೆಗೆ ಕೂರ್ತೀನಣ್ಣ’ ಎಂದು ಓಬಯ್ಯ ಬಂದರೆ ‘ನಿನ್ನ ಕೆಲಸ ನೋಡ್ಕೊ ಹೋಗೋ’ ಎಂದು ಅಟ್ಟಿದ. ತನಗಿಂತ ಹದಿನೈದು ವರ್ಷ ಚಿಕ್ಕವನ ಎದುರಿಗೆ ಕಾಸು ಬೀಳಿಸಿಕೊಂಡು ಕೂರುವುದೆಂದರೇನು? ಹತ್ತನೆಯ ದಿನ ಅವನು ಕಾಸನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಊರಿನ ಕಮ್ಮಾರನ ಹತ್ತಿರ ಹೋದ.

ಕೇಳು ಮರುಳಯ್ಯ, ಭರಮಣ್ಣ ದಡ್ಡನಲ್ಲ. ಅವನ ಲೆಕ್ಕ ಚೊಕ್ಕವಾಗಿತ್ತು. ತುದಿಯ ಮೊಳೆ ಕುಳ್ಳಗಾದರೆ ಅದರ ನೆತ್ತಿಯನ್ನು ಗುರಿಗೆ ತರಲು ನಳಿಗೆಯನ್ನೇ ಮೇಲೆತ್ತಬೇಕಾಗುತ್ತದೆ. ಹೆದರಿಕೆ ಎಷ್ಟು ಕೆಳಗೆ ಒತ್ತುತ್ತದೋ ಅಷ್ಟನ್ನು ಮೊಳೆ ಮೇಲೆತ್ತಿ ಕೊಡುತ್ತದೆ. ಗುಂಡು ಗುರಿಗೇ ಬೀಳುತ್ತದೆ.

ಕಮ್ಮಾರ ಅರ ಕೈಗೆತ್ತಿಕೊಂಡು ಕೇಳಿದ: “ನಿಜವಾಗಿಯೂ ಉಜ್ಜಲೇನಣ್ಣಾ? ಉಜ್ಜಿದ ಕಬ್ಬಿಣ ಮತ್ತೆ ಬೆಳೆಯಲ್ಲ.”

“ಉಜ್ಜು.”

ಉಜ್ಜಿದ್ದು ಭತ್ತದ ಕಾಳಿನಷ್ಟೂ ಇರಲಿಲ್ಲ. ಮಿನುಗುತ್ತಿದ್ದ ಜಾಗಕ್ಕೆ ಎಣ್ಣೆಯಲ್ಲಿ ಕಲಸಿದ ಹಣತೆಯ ಮಸಿ ಸವರಿದರು. ಊರಾಚೆಯ ಹಳ್ಳದಲ್ಲಿ ಭರಮಣ್ಣ ನಾಲ್ಕು ಗುಂಡು ಹಾರಿಸಿ ನೋಡಿದ. ಕೈ ಎಂದಿನಂತೆ ಹೆದರಿತು; ನಳಿಗೆ ಎಂದಿನಂತೆ ಕುಕ್ಕಿತು; ಗುಂಡು ನಾಲ್ಕೂ ಗುರಿಗೆ ಬಿದ್ದವು.

ಆಯುಧಪೂಜೆಯ ಮರುದಿನ ಆರಕ್ಕೆ ಆರು ಕುಡಿಕೆ ಒಡೆದವು. ಓಬಯ್ಯನೂ ಆರು, ಭರಮಣ್ಣನೂ ಆರು. ‘ಕೊಕ್ಕೊಕ್ಕೋ’ ಎಂದಿದ್ದವನು ಬಂದು ಕಾಲು ಹಿಡಿದ. ಇಮಾಮ್ ಸಾಹೇಬರಿಗೆ ಕಣ್ಣು ತುಂಬಿ ಬಂತು. “ಕೈ ಶಾಂತವಾಗಿರುವವನು ಹೊಡೆಯೋದು ದೊಡ್ಡದಲ್ಲ. ಹೆದರೋ ಕೈಯನ್ನು ಗೆದ್ದು ಹೊಡೆದಿದ್ದಾನಲ್ಲ, ಅವನನ್ನು ನೋಡಿ ಕಲೀರಿ” ಎಂದು ಎಲ್ಲರ ಮುಂದೆ ಹೇಳಿದರು. ಭರಮಣ್ಣ ತಲೆ ತಗ್ಗಿಸಿದ. ಅದನ್ನು ವಿನಯ ಎಂದು ಜನ ಇನ್ನೊಂದಿಷ್ಟು ಹೊಗಳಿದರು. ಹೊಗಳಿಕೆ ಕೆಟ್ಟದ್ದು ಕಣಯ್ಯ. ಬಯ್ಗುಳವಾದರೆ ಮೈ ಕೊಡವಿಕೊಂಡು ನಿಜ ಹೇಳಿಬಿಡಬಹುದು. ಹೊಗಳಿಸಿಕೊಂಡ ಮೇಲೆ ಬಾಯಿ ಬರುವುದಿಲ್ಲ.

ಆ ಕಾವಲುಗಾರರಲ್ಲಿ ಒಂದು ಕಟ್ಟಳೆಯಿತ್ತು. ತನ್ನ ಆಯುಧವನ್ನು ಇನ್ನೊಬ್ಬನ ಕೈಗೆ ಕೊಡುವವನು ಅದರ ಗುಣ ಹೇಳಿ ಕೊಡಬೇಕು. ‘ಇದರ ಕುದುರೆ ಬಿಗಿ’, ‘ಇದು ಬಲಕ್ಕೆ ಒಂದು ಬೆರಳು’, ಹೀಗೆ. ಕತ್ತಿಯ ಕಾಲದಿಂದ ಬಂದ ಪದ್ಧತಿ. ಆಗ ಹಿಡಿ ಸಡಿಲವೋ ಬಿಗಿಯೋ ಹೇಳುತ್ತಿದ್ದರು. ಗುಣ ಹೇಳದೆ ಕೊಟ್ಟರೆ ತೆಗೆದುಕೊಳ್ಳುವವನು ಕೈ ಚಾಚುತ್ತಿರಲಿಲ್ಲ.

ಬೇಸಗೆ ಬಂತು. ಒಂದು ಮಧ್ಯಾಹ್ನ ಭರಮಣ್ಣನ ಪಾಳಿ ಮುಗಿದು ಓಬಯ್ಯನ ಪಾಳಿ ಶುರುವಾಗುವ ಹೊತ್ತು. ಓಬಯ್ಯನ ರಿವಾಲ್ವರಿನ ಒಳಗಿನ ಪಟ್ಟಿ ಮುರಿದು ರಿಪೇರಿಗೆ ಹೋಗಿತ್ತು. ಅವನು ಕೈ ಚಾಚಿದ.

“ಸಂಜೆವರೆಗೆ ನಿನ್ನದು ಕೊಡಣ್ಣ. ಗುಣ ಹೇಳು.”

ಹೇಳಬೇಕಾದದ್ದು ನಾಲ್ಕೇ ಮಾತು: ಒಂದು ಗೇಣು ಕೆಳಗೆ ಹಿಡಿ. ಆದರೆ ನಾಲ್ಕು ಮಾತು ಹೇಳಿದರೆ ಐದನೆಯ ಮಾತು ಓಬಯ್ಯ ಕೇಳುತ್ತಾನೆ: ಹಾಗಾದರೆ ನೀನು ಹೇಗೆ ಹೊಡೀತಿದ್ದೀಯಣ್ಣ? ಭರಮಣ್ಣ ಬಾಗಿಲನ್ನು ನೋಡಿದ. ಅಜ್ಜ ನಿಂತ ಬಾಗಿಲು, ಅಪ್ಪ ನಿಂತ ಬಾಗಿಲು. ಸಂಜೆವರೆಗೆ ತಾನೇ? ಖಜಾನೆ ಲೂಟಿ ಮಾಡಲು ಈ ಬಿಸಿಲಿನಲ್ಲಿ ಯಾವ ಕಳ್ಳ ಬರುತ್ತಾನೆ?

“ಗುಣ ಏನು ಕೇಳ್ತೀಯೋ, ದಸರೆಯಲ್ಲಿ ನೋಡಲಿಲ್ವೇ? ಮೊಳೆ ಇಟ್ಟಲ್ಲಿ ಗುಂಡು” ಎಂದು ಕೊಟ್ಟ.

“ಹಾಗಾದ್ರೆ ನನ್ನದಕ್ಕಿಂತ ನಿನ್ನದೇ ವಾಸಿ. ವಾಪಸ್ ಕೊಡಲ್ಲ ನೋಡು” ಎಂದು ಓಬಯ್ಯ ನಕ್ಕು ಸೊಂಟಕ್ಕೆ ಸಿಕ್ಕಿಸಿಕೊಂಡ.

ಕಳ್ಳ ಬರಲಿಲ್ಲ. ಹುಚ್ಚುನಾಯಿ ಬಂತು.

ಕೋಟೆಯ ದಿಡ್ಡಿಬಾಗಿಲಿನಿಂದ ಒಳಗೆ ನುಗ್ಗಿತು. ಬಾಯಲ್ಲಿ ನೊರೆ, ತಲೆ ತಗ್ಗಿಸಿಕೊಂಡು ನೇರ ಓಟ. ಎದುರಿಗೆ ಬಾವಿ, ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರು. ಅವರು ಕಿರುಚಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಓಬಯ್ಯ ಓಡಿ ಬಂದು ನಾಯಿಗೂ ಅವರಿಗೂ ನಡುವೆ ನಿಂತ. ಭರಮಣ್ಣ ಕಾವಲುಮನೆಯ ಜಗಲಿಯ ಮೇಲೆ ಪಟ್ಟಿ ಬಿಚ್ಚುತ್ತಿದ್ದವನು ಹಾಗೇ ನಿಂತುಬಿಟ್ಟ. ಎಲ್ಲವೂ ಅವನಿಗೆ ಕಾಣುತ್ತಿತ್ತು. ಓಬಯ್ಯನ ಕೈ ಚಾಚಿತ್ತು. ನಳಿಗೆ ಅಲುಗಲಿಲ್ಲ. ಅಂಥ ಶಾಂತವಾದ ಕೈಯನ್ನು ಭರಮಣ್ಣ ಹಿಂದೆ ಕಂಡಿರಲಿಲ್ಲ.

ಇಪ್ಪತ್ತು ಹೆಜ್ಜೆಯಲ್ಲಿ ಮೊದಲ ಗುಂಡು. ಅದು ನಾಯಿಯ ತಲೆಯ ಮೇಲಿಂದ ಹಾದು ಹಿಂದಿನ ಗೋಡೆಯ ಮಣ್ಣು ಕಿತ್ತಿತು.

ಕೇಳು ಮರುಳಯ್ಯ, ಈಗ ಒಂದು ಮಾತಿಗೆ ಹೊತ್ತಿತ್ತು. ‘ಕೆಳಗೆ!’ ಎಂದು ಕೂಗಿದ್ದರೆ ಓಬಯ್ಯನಂಥವನಿಗೆ ಅಷ್ಟು ಸಾಕಿತ್ತು. ಭರಮಣ್ಣ ಬಾಯಿ ತೆರೆದ. ಜಗಲಿಯ ಮೇಲೆ ಅವನ ಪಕ್ಕದಲ್ಲಿ ಇನ್ನೂ ಮೂವರು ಕಾವಲುಗಾರರಿದ್ದರು, ಇಮಾಮ್ ಸಾಹೇಬರೂ ಇದ್ದರು. ಎರಡನೆಯ ಗುಂಡು ಹೇಗೂ ತಾಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ತೆರೆದ ಬಾಯಿ ಮುಚ್ಚಿದ.

ಓಬಯ್ಯ ಅವಸರ ಮಾಡಲಿಲ್ಲ. ಮೊಳೆಯ ನೆತ್ತಿಯ ಮೇಲೆ ನಾಯಿಯ ಹಣೆಯನ್ನು ಮತ್ತೆ ಕೂರಿಸಿದ, ಕಲಿಸಿದ ಹಾಗೆ, ಹೇಳಿಸಿಕೊಂಡ ಹಾಗೆ. ಹತ್ತು ಹೆಜ್ಜೆಯಲ್ಲಿ ಎರಡನೆಯ ಗುಂಡು. ಅದು ಬೆನ್ನಿನ ಕೂದಲು ಸವರಿಕೊಂಡು ಹೋಯಿತು. ಮೂರನೆಯದಕ್ಕೆ ಹೊತ್ತಿರಲಿಲ್ಲ. ನಾಯಿ ಅವನ ಬಲಗೈ ಮಣಿಕಟ್ಟಿಗೆ ಹಲ್ಲು ಹಾಕಿತು. ಅವನು ಬಿಡಿಸಿಕೊಳ್ಳಲಿಲ್ಲ, ಬಿಟ್ಟರೆ ಹೆಂಗಸರ ಮೇಲೆ ಹೋಗುತ್ತದೆ ಎಂದು ಎಡಗೈಯಿಂದ ಅದರ ಕತ್ತು ಅಮುಕಿ ಹಿಡಿದ. ದೊಣ್ಣೆಯವರು ಬಂದು ನಾಯಿಯನ್ನು ಮುಗಿಸಿದರು.

ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಗಾಯಕ್ಕೆ ಕಾದ ಕಬ್ಬಿಣ ಇಟ್ಟರು. ಪಂಡಿತರು ಸೊಪ್ಪು ಅರೆದು ಕಟ್ಟಿದರು. ನಲವತ್ತು ದಿನ ಕಾದು ನೋಡಬೇಕು ಎಂದರು.

ಭರಮಣ್ಣ ದಿನವೂ ನೋಡಲು ಹೋಗುತ್ತಿದ್ದ. ಮೂರನೆಯ ದಿನ ಓಬಯ್ಯ ಕೇಳಿದ: “ಅಣ್ಣಾ, ನೀನು ಜಗಲಿ ಮೇಲಿಂದ ನೋಡ್ತಿದ್ದೆಯಲ್ಲ, ನನ್ನ ಕೈ ಅಲುಗಿತೇನು?”

ಕೇಳುವವನ ಕಣ್ಣಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ಭರಮಣ್ಣ ಹೇಳಿಬಿಡುತ್ತಿದ್ದನೋ ಏನೋ.

“ಸ್ವಲ್ಪ ಅಲುಗಿತು ಕಣೋ. ಯಾರಿಗಾದರೂ ಅಲುಗುತ್ತೆ” ಎಂದ.

“ನನಗೂ ಹಾಗೇ ಅನಿಸ್ತು” ಎಂದ ಓಬಯ್ಯ. ಅನಿಸಿರಲಿಲ್ಲ. ಅಣ್ಣ ಹೇಳಿದ ಮೇಲೆ ಅನಿಸಿತು.

ಮಾರನೆಯ ದಿನ ಭರಮಣ್ಣ ಹೋದಾಗ ಓಬಯ್ಯ ಗೋಡೆಗೆ ಒರಗಿ ಕುಳಿತಿದ್ದ. ರಿಪೇರಿಯಾಗಿ ಬಂದ ತನ್ನ ರಿವಾಲ್ವರನ್ನು ಬಟ್ಟೆ ಕಟ್ಟಿದ ಬಲಗೈಯಲ್ಲೇ ಹಿಡಿದಿದ್ದ. ನಳಿಗೆಯ ಮೇಲೆ ತಾಮ್ರದ ಕಾಸು. ಕುದುರೆ ಎಳೆದ. ಕಾಸು ಬೀಳಲಿಲ್ಲ. ಮತ್ತೆ ಎಳೆದ. ಬೀಳಲಿಲ್ಲ. ದಿನಕ್ಕೆ ಇನ್ನೂರು ಸಲ. ಇಪ್ಪತ್ತು ದಿನ, ಮೂವತ್ತು ದಿನ. ಗಾಯ ಕೀವು ಕಟ್ಟಿದರೂ ಬಿಡಲಿಲ್ಲ.

“ಕಾಸು ಬೀಳೋದೇ ಇಲ್ಲವಲ್ಲಣ್ಣ” ಎಂದ ಒಂದು ದಿನ, ಕಳೆದುಹೋದ ದನ ಹುಡುಕಿ ಸೋತವನ ಹಾಗೆ. “ಹಾಗಾದರೆ ಅವತ್ತು ಏನಾಯ್ತು?”

ಭರಮಣ್ಣ ಎದ್ದು ಹೊರಗೆ ಬಂದ. ಅಂಗಳದಲ್ಲಿ ನಿಂತ. ತಿರುಗಿ ಒಳಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡ. ನಾಳೆ ಹೇಳುತ್ತೇನೆ ಎಂದುಕೊಂಡ. ಮನೆಗೆ ನಡೆದ.

ಮೂವತ್ತೆಂಟನೆಯ ದಿನ ಓಬಯ್ಯ ನೀರಿನ ಚೊಂಬು ಕಂಡು ಕೂಗಿಕೊಂಡ. ಆಮೇಲೆ ಮೂರು ದಿನ ಅಷ್ಟೇ. ಆ ಮೂರು ದಿನಗಳ ವಿಷಯ ನಾನು ಹೇಳುವುದಿಲ್ಲ. ನಡುವೆ ಒಂದು ಗಳಿಗೆ ಅವನಿಗೆ ತಿಳಿವು ಬಂತು. ಇಮಾಮ್ ಸಾಹೇಬರು ತಲೆಯ ಹತ್ತಿರ ಕುಳಿತಿದ್ದರು. ಬಾಗಿಲಲ್ಲಿ ಭರಮಣ್ಣ ನಿಂತಿದ್ದ.

“ಸಾಹೇಬರೇ, ನೀವು ಚೆನ್ನಾಗೇ ಕಲಿಸಿದ್ರಿ. ನನ್ನ ಕೈ ಮರೀತು. ತಪ್ಪಾಯ್ತು” ಎಂದ ಓಬಯ್ಯ.

ಜಮಾದಾರರು ಅತ್ತರು. ಬಾಗಿಲಲ್ಲಿ ನಿಂತವನು ಅಳಲಿಲ್ಲ, ಮಾತನಾಡಲೂ ಇಲ್ಲ. ಸಂಜೆಯೊಳಗೆ ಓಬಯ್ಯ ಹೋದ.

ಗುರುಗಳು ಕತೆ ನಿಲ್ಲಿಸಿದರು. ಕತೆ ಹೇಳುವಾಗ ಮುಖದಲ್ಲಿದ್ದ ಹಬ್ಬ ಎಲ್ಲೋ ಇಳಿದುಹೋಗಿತ್ತು. ಮರುಳಯ್ಯ ಸ್ವಲ್ಪವಾದರೂ ಬೆಳಕು ಇದ್ದೀತು ಎಂಬ ಆಸೆಯಿಂದ ಕೇಳಿದ:

“ಗುರುಗಳೇ, ಅಷ್ಟೆಲ್ಲ ಆದ ಮೇಲಾದರೂ ಭರಮಣ್ಣನ ಕೈಯ ಹೆದರಿಕೆ ಹೋಯಿತೇ?”

“ಹೋಯಿತು” ಎಂದರು ಗುರುಗಳು, “ಮರುವರ್ಷದ ದಸರೆಯಲ್ಲಿ ಅದೇ ರಿವಾಲ್ವರ್ ಹಿಡಿದ ಅವನ ಕೈ ಕಲ್ಲಿನ ಹಾಗೆ ನಿಂತಿತ್ತು, ಆರು ಗುಂಡೂ ಕುಡಿಕೆಗಳ ಮೇಲಿಂದ ಹಾದುಹೋದವು.”